ಚಳಿಗೆ ಜಗ್ಗದ ಕೈತೋಟ: ವರ್ಷ ವರ್ಷ ಮರಳಿ ಚಿಗುರುವ ಗಿಡಗಳ ಆಯ್ಕೆ, ನಾಟಿ ಮತ್ತು ಆರೈಕೆ

ಹಿಮ ಬೀಳುವ ಜಾಗದಲ್ಲಿ ಕೈತೋಟ ಮಾಡುವವರು ನರ್ಸರಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಗಿಡ ಎಷ್ಟು ಚಳಿ ತಡೆಯುತ್ತದೆ? ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಿ. ಚಳಿಗಾಲದಲ್ಲಿ ಇದರ ಬುಡದಲ್ಲಿ ನೀರು ನಿಂತರೆ ಏನಾಗುತ್ತದೆ?

ಯಾಕಂದ್ರೆ ಚಳಿಗಾಲದಲ್ಲಿ ಸಾಯುವ ಎಷ್ಟೋ ಗಿಡಗಳು ಬರೀ ಚಳಿಗೆ ಸಾಯುವುದಿಲ್ಲ. ಕೆಲವು ಒದ್ದೆ ಮಣ್ಣಿನಲ್ಲಿ ಬುಡ ಕೊಳೆತು ಸಾಯುತ್ತವೆ. ಕೆಲವು ಮಣ್ಣು ಪದೇ ಪದೇ ಹೆಪ್ಪುಗಟ್ಟಿ ಕರಗುವಾಗ ಬೇರು ಸಮೇತ ಮೇಲೆದ್ದು ಬರುತ್ತವೆ. ಇನ್ನು ಕೆಲವು ಒಣಗಾಳಿಗೆ ಸಿಕ್ಕಿ ಒಣಗುತ್ತವೆ. ಈ ಮೂರನ್ನೂ ತಡೆಯುವ ಉಪಾಯ ದುಬಾರಿಯದಲ್ಲ. ತರಗೆಲೆ ಬಿಸಾಡದೆ ಇಟ್ಟುಕೊಳ್ಳುವುದು, ಒಣಗಿದ ಕಾಂಡ ಕತ್ತರಿಸದೆ ಬಿಡುವುದು, ಮಳೆನೀರು ಇಂಗಲು ಜಾಗ ಕೊಡುವುದು, ಗಾಳಿಗೆ ಅಡ್ಡವಾಗಿ ಜೀವಂತ ಬೇಲಿ ಬೆಳೆಸುವುದು. ಪರಿಸರಕ್ಕೆ ಒಳ್ಳೆಯದು ಅಂತ ನಾವು ಮಾಡುವ ಕೆಲಸಗಳೇ ಗಿಡವನ್ನು ಚಳಿಯಿಂದಲೂ ಕಾಯುತ್ತವೆ. ಈ ಬರಹದ ಉದ್ದಕ್ಕೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಹೆಜ್ಜೆ 1: ನಿಮ್ಮ ಚಳಿಯ ವಲಯ ತಿಳಿದುಕೊಳ್ಳಿ

ಗಿಡದ ಚೀಟಿಯ ಮೇಲೆ 'ಝೋನ್ 3', 'ಝೋನ್ 5' ಅಂತ ಬರೆದಿರುತ್ತಾರೆ. ಇದು ಹೆಚ್ಚಾಗಿ ಅಮೆರಿಕದ ಕೃಷಿ ಇಲಾಖೆ ಮಾಡಿದ ವಿಂಗಡಣೆ. ಒಟ್ಟು 13 ವಲಯಗಳು. ಒಂದು ಜಾಗದಲ್ಲಿ ಪ್ರತಿ ಚಳಿಗಾಲ ದಾಖಲಾದ ಅತಿ ಕಡಿಮೆ ಉಷ್ಣಾಂಶದ ಸರಾಸರಿ ಇದರ ಆಧಾರ. ಝೋನ್ 3 ಅಂದರೆ ಸುಮಾರು ಮೈನಸ್ 40ರಿಂದ ಮೈನಸ್ 34 ಡಿಗ್ರಿ ಸೆಲ್ಸಿಯಸ್. ಝೋನ್ 4 ಮೈನಸ್ 34ರಿಂದ ಮೈನಸ್ 29. ಝೋನ್ 5 ಮೈನಸ್ 29ರಿಂದ ಮೈನಸ್ 23. ಸಂಖ್ಯೆ ಚಿಕ್ಕದಾದಷ್ಟೂ ಚಳಿ ಜಾಸ್ತಿ. ಕೆನಡಾಕ್ಕೆ ಅದರದ್ದೇ ಬೇರೆ ನಕ್ಷೆಯಿದೆ. ಅದರಲ್ಲಿ ಹಿಮದ ಹೊದಿಕೆ, ಮಳೆ, ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಚೀಟಿಯ ಮೇಲಿನ ಸಂಖ್ಯೆ ಯಾವ ನಕ್ಷೆಯದ್ದು ಅಂತ ನೋಡಿಕೊಳ್ಳಿ.

ಅಮೆರಿಕದ ನಕ್ಷೆಯನ್ನು 2023ರಲ್ಲಿ ಹೊಸದಾಗಿ ಮಾಡಿದಾಗ ಆ ದೇಶದ ಸುಮಾರು ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಸರಿಯಿತು. ಹಾಗಂತ ಗಡಿಯಲ್ಲಿರುವ ಗಿಡಗಳನ್ನು ಧೈರ್ಯವಾಗಿ ತಂದು ನೆಡಬೇಡಿ. ಸರಾಸರಿ ಎಷ್ಟೇ ಇರಲಿ, ಗಿಡ ಸಾಯಲು ಒಂದೇ ಒಂದು ಕೆಟ್ಟ ರಾತ್ರಿ ಸಾಕು. ತೋಟದ ಮುಖ್ಯ ಗಿಡಗಳನ್ನು ನಿಮ್ಮ ವಲಯಕ್ಕಿಂತ ಒಂದು ವಲಯ ಹೆಚ್ಚು ಚಳಿ ತಡೆಯುವಂಥದ್ದನ್ನೇ ಆರಿಸಿ ಅನ್ನುವುದು ನನ್ನ ಸಲಹೆ. ನಿಮ್ಮದು ಝೋನ್ 5 ಆದರೆ ಝೋನ್ 4ರ ಗಿಡ. ಕುಂಡದಲ್ಲಿ ಇಡುವುದಾದರೆ ಎರಡು ವಲಯ ಹೆಚ್ಚು. ನೆಲದಲ್ಲಿರುವ ಬೇರಿಗೆ ಸುತ್ತಲಿನ ಮಣ್ಣಿನ ಆಸರೆ ಇರುತ್ತದೆ. ಕುಂಡದಲ್ಲಿ ಚಳಿ ನಾಲ್ಕೂ ಕಡೆಯಿಂದ ಬೇರಿಗೇ ತಟ್ಟುತ್ತದೆ.

ಹೆಜ್ಜೆ 2: ಅಂಗಳವನ್ನು ಒಂದು ಚಳಿಗಾಲ ಗಮನಿಸಿ

ವಲಯದ ಸಂಖ್ಯೆ ಇಡೀ ಊರಿಗೆ ಒಂದೇ. ಆದರೆ ನಿಮ್ಮ ಅಂಗಳದೊಳಗೇ ನಾಲ್ಕು ಬಗೆಯ ಹವೆ ಇರುತ್ತದೆ. ಸಾಧ್ಯವಾದರೆ ಒಂದು ಚಳಿಗಾಲ ಸುಮ್ನೆ ನೋಡಿ, ಒಂದು ಕಾಗದದ ಮೇಲೆ ಅಂಗಳದ ನಕ್ಷೆ ಬರೆದು ಗುರುತು ಮಾಡಿಕೊಳ್ಳಿ.

ಹಿಮ ಎಲ್ಲಿ ಮೊದಲು ಕರಗುತ್ತದೆ? ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಬೇಗ ಕರಗುತ್ತದೆ. ಅದು ಬೆಚ್ಚಗಿನ ಜಾಗ, ನಿಜ. ಆದರೆ ಅಲ್ಲಿನ ಗಿಡ ಬಿಸಿಲಿಗೆ ಮೋಸಹೋಗಿ ಬೇಗ ಚಿಗುರಿ, ಆಮೇಲೆ ಬರುವ ಚಳಿಗೆ ಸುಟ್ಟುಹೋಗಬಹುದು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟವೂ ಅಲ್ಲೇ ಜಾಸ್ತಿ. ಹಿಮ ಕೊನೆಯವರೆಗೂ ಉಳಿಯುವ ಉತ್ತರದ ಮೂಲೆಯನ್ನು ಜನ ಕೆಟ್ಟ ಜಾಗ ಅಂದುಕೊಳ್ಳುತ್ತಾರೆ. ಎಷ್ಟೋ ಗಿಡಗಳಿಗೆ ಅದೇ ಕ್ಷೇಮ, ಯಾಕಂದ್ರೆ ಅಲ್ಲಿ ಉಷ್ಣಾಂಶ ಏರುಪೇರಾಗುವುದು ಕಡಿಮೆ. ಹಿಮ ಗಿಡಕ್ಕೆ ಕಂಬಳಿ ಇದ್ದಂತೆ. ಒಂದು ಅಡಿ ಸಡಿಲ ಹಿಮ ಬಿದ್ದಿದ್ದರೆ ಮೇಲೆ ಎಷ್ಟೇ ಕೊರೆದರೂ ಮಣ್ಣು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಹಿಮ ಬೀಳದೆ ಬರೀ ಕೊರೆಯುವ ಚಳಿಗಾಲವೇ ಹೆಚ್ಚು ಅಪಾಯ.

ತಣ್ಣನೆ ಗಾಳಿ ಭಾರ. ಇಳಿಜಾರಿದ್ದರೆ ಅದು ಕೆಳಕ್ಕೆ ಹರಿದು ತಗ್ಗಿನಲ್ಲಿ ಅಥವಾ ಗಟ್ಟಿ ಬೇಲಿಯ ಹಿಂದೆ ನಿಲ್ಲುತ್ತದೆ. ಅಂಥ ಜಾಗದಲ್ಲಿ ಬೇಗ ಹೂಬಿಡುವ ಗಿಡ ಬೇಡ. ಹಾಗೆಯೇ ರಸ್ತೆಯಂಚು, ನಡೆಯುವ ದಾರಿಯ ಪಕ್ಕ, ಹಿಮ ಕರಗಿಸಲು ಉಪ್ಪು ಎರಚುವ ಜಾಗಗಳನ್ನೂ ಗುರುತು ಮಾಡಿ.

ಹೆಜ್ಜೆ 3: ನೀರು ಇಂಗುವುದನ್ನು ಪರೀಕ್ಷಿಸಿ

ಇದೊಂದು ಪರೀಕ್ಷೆ ಮಾಡದೆ ಗಿಡ ಕೊಳ್ಳಲು ಹೋಗಬೇಡಿ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಒಂದು ಕಡ್ಡಿ ನೆಟ್ಟು ನೀರಿನ ಮಟ್ಟ ಗುರುತು ಹಾಕಿ. ಗಂಟೆಗೆ ಒಂದು ಇಂಚಿಗಿಂತ ಜಾಸ್ತಿ ಇಳಿದರೆ ಹೆಚ್ಚಿನ ಗಿಡಗಳಿಗೆ ಸಾಕು. ಅದಕ್ಕಿಂತ ನಿಧಾನವಾದರೆ ಎರಡು ದಾರಿ ಇವೆ. ಒದ್ದೆ ಮಣ್ಣು ತಡೆಯುವ ಗಿಡಗಳನ್ನೇ ಆರಿಸುವುದು, ಇಲ್ಲವೇ ಮಡಿಯನ್ನು ಅರ್ಧ ಅಡಿಯಿಂದ ಒಂದಡಿ ಎತ್ತರಿಸುವುದು.

ಜೇಡಿಮಣ್ಣು ಸಡಿಲವಾಗಲಿ ಅಂತ ಮರಳು ಬೆರೆಸುವವರಿದ್ದಾರೆ. ದಯವಿಟ್ಟು ಬೇಡ. ಸ್ವಲ್ಪ ಮರಳು ಸೇರಿದ ಜೇಡಿಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಕಾಂಪೋಸ್ಟ್ ಮತ್ತು ಕೊಳೆತ ಎಲೆ ಹಾಕಿ, ಎರೆಹುಳುಗಳಿಗೆ ಕೆಲಸ ಬಿಟ್ಟುಕೊಡಿ. ಎರಡು ಮೂರು ವರ್ಷ ಬೇಕು, ಆದರೆ ಆಗುವ ಬದಲಾವಣೆ ಉಳಿಯುತ್ತದೆ.

ಮೂಟೆಯಲ್ಲಿ ಸಿಗುವ ಪೀಟ್ ಕೊಳ್ಳಬೇಡಿ. ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೂಡಿದ ಪಾಚಿ. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್. ಭೂಮಿಯ ನೆಲದಲ್ಲಿ ಶೇಕಡಾ 3ರಷ್ಟು ಮಾತ್ರ ಇರುವ ಈ ಜೌಗುಗಳಲ್ಲಿ ಜಗತ್ತಿನ ಎಲ್ಲ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲ ಅಡಗಿದೆ. ನಮ್ಮ ಹೂವಿನ ಮಡಿಗಾಗಿ ಅದನ್ನು ಅಗೆಯುವುದು ಸರಿಯಲ್ಲ, ಅಲ್ವಾ? ಮನೆಯ ಕಾಂಪೋಸ್ಟ್ ಸಾಕು.

ಹೆಜ್ಜೆ 4: ಗಿಡಗಳನ್ನು ಆರಿಸಿ

ಮೊದಲು ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಕಾಡುಹೂಗಳತ್ತ ನೋಡಿ. ಅಲ್ಲಿನ ಚಳಿ, ಮಳೆ, ಮಣ್ಣು ಅವಕ್ಕೆ ಹೊಸದಲ್ಲ. ಅಲ್ಲಿನ ದುಂಬಿ, ಚಿಟ್ಟೆಗಳಿಗೂ ಅವು ಪರಿಚಿತ. ಮುಕ್ಕಾಲು ಪಾಲು ಸ್ಥಳೀಯ ಗಿಡ, ಉಳಿದದ್ದು ಮನಸ್ಸಿಗೆ ಹಿಡಿಸಿದ, ಹದ್ದು ಮೀರದ ಹೊರಗಿನ ಗಿಡ: ಈ ಲೆಕ್ಕ ನನಗೆ ಒಪ್ಪಿಗೆ.

ಒಳ್ಳೆ ಬಿಸಿಲು, ನೀರು ನಿಲ್ಲದ ಜಾಗಕ್ಕೆ: 'ಯಾರೋ' (yarrow) ಅನ್ನುವ ಗಿಡ, ನೇರಳೆ ಕೋನ್‌ಫ್ಲವರ್, ಲಯಾಟ್ರಿಸ್, ಸೀಡಮ್, ನೆಲದ ಮೇಲೆ ಹಬ್ಬುವ ಫ್ಲಾಕ್ಸ್. 'ಯಾರೋ' ಗಿಡ ಬಡ ಮಣ್ಣಿನಲ್ಲೂ ಚೆನ್ನಾಗಿರುತ್ತದೆ, ಗೊಬ್ಬರ ಜಾಸ್ತಿಯಾದರೆ ವಾಲುತ್ತದೆ. ಕೋನ್‌ಫ್ಲವರ್ ಒಣಗಿದ ಮೇಲೂ ಅದರ ತಲೆ ಗಟ್ಟಿಯಾಗಿ ನಿಂತಿರುತ್ತದೆ. ಚಳಿಗಾಲದಲ್ಲಿ ಫಿಂಚ್ ಹಕ್ಕಿಗಳು ಅದರ ಮೇಲೆ ಕೂತು ಬೀಜ ಕೀಳುವುದನ್ನು ಕಿಟಕಿಯಿಂದ ನೋಡಬಹುದು.

ತೇವ ಉಳಿಯುವ ಜಾಗಕ್ಕೆ: ಸೈಬೀರಿಯನ್ ಐರಿಸ್, ಜೌಗಿನ ಮಿಲ್ಕ್‌ವೀಡ್, ನ್ಯೂ ಇಂಗ್ಲೆಂಡ್ ಆಸ್ಟರ್, ಬೀ ಬಾಮ್. ಮಿಲ್ಕ್‌ವೀಡ್ ನಮಗೆ ಗೊತ್ತಿರುವ ಎಕ್ಕದ ಬಳಗದ್ದು, ಮುರಿದರೆ ಹಾಲು ಬರುತ್ತದೆ. ಮೊನಾರ್ಕ್ ಚಿಟ್ಟೆಯ ಹುಳು ತಿನ್ನುವುದು ಮಿಲ್ಕ್‌ವೀಡ್ ಎಲೆ ಮಾತ್ರ. ಉತ್ತರ ಅಮೆರಿಕದಲ್ಲಿ ತೋಟ ಮಾಡುವವರು ಇದನ್ನು ಬಿಡಬಾರದು. ಎಲೆಯಲ್ಲಿ ತೂತು ಕಂಡರೆ ಖುಷಿಪಡಿ, ಔಷಧಿ ಹೊಡೆಯಬೇಡಿ. ಬೀ ಬಾಮ್ ಎಲೆಗೆ ಬೂದಿರೋಗ ಬೇಗ ಹತ್ತುತ್ತದೆ. ಗಿಡಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟು ನೆಡಿ.

ನೆರಳಿಗೆ: ಹೋಸ್ಟಾ, ಬರ್ಜೀನಿಯಾ, ಆಸ್ಟ್ರಿಚ್ ಫರ್ನ್. ಜಿಂಕೆ ಓಡಾಡುವ ಕಡೆ ಹೋಸ್ಟಾ ಉಳಿಯುವುದು ಕಷ್ಟ.

ಇವುಗಳ ನಡುವೆ ಹುಲ್ಲಿನ ಜಾತಿಯ ಒಂದೆರಡು ಗಿಡ ಇರಲಿ. ಲಿಟಲ್ ಬ್ಲೂಸ್ಟೆಮ್ ಹುಲ್ಲು ಎಲೆ ಉದುರುವ ಕಾಲಕ್ಕೆ ತಾಮ್ರದ ಬಣ್ಣಕ್ಕೆ ತಿರುಗಿ ಹಿಮದಲ್ಲೂ ನಿಂತಿರುತ್ತದೆ. ಹೂವಿಲ್ಲದ ತಿಂಗಳುಗಳಲ್ಲಿ ತೋಟಕ್ಕೆ ಲಕ್ಷಣ ಕೊಡುವುದು ಇವೇ.

ಇನ್ನು ಪಿಯೋನಿ. ಇದರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಲೇಬೇಕು. ಝೋನ್ 3ರ ಚಳಿಯನ್ನೂ ತಡೆಯುತ್ತದೆ, ಒಂದೇ ಜಾಗದಲ್ಲಿ 50 ವರ್ಷಕ್ಕೂ ಮೇಲೆ ಬದುಕುತ್ತದೆ. ಚಳಿ ಇದಕ್ಕೆ ತೊಂದರೆಯಲ್ಲ, ಬೇಕೇ ಬೇಕು. ಸಾಕಷ್ಟು ಚಳಿ ಸಿಗದಿದ್ದರೆ ಹೂವೇ ಬಿಡುವುದಿಲ್ಲ. ಗೆಡ್ಡೆಬೇರನ್ನು ಕೈಯಲ್ಲಿ ಹಿಡಿದು ನೋಡಿದರೆ ಮೇಲ್ಭಾಗದಲ್ಲಿ ಕೆಂಪು ಮೊಗ್ಗಿನಂಥ ಕಣ್ಣುಗಳು ಕಾಣುತ್ತವೆ. ಆ ಕಣ್ಣುಗಳ ಮೇಲೆ ಒಂದರಿಂದ ಎರಡು ಇಂಚು ಮಣ್ಣು ಮಾತ್ರ ಇರಬೇಕು. ಗುಂಡಿ ತುಂಬಿದ ಮೇಲೆ ಮಣ್ಣು ಕುಸಿಯುತ್ತದೆ, ಆದ್ದರಿಂದ ಬೇರಿನ ಕೆಳಗಿನ ಮಣ್ಣನ್ನು ಮೊದಲೇ ಕೈಯಿಂದ ಒತ್ತಿ ಗಟ್ಟಿ ಮಾಡಿ. ಆಳಕ್ಕೆ ಹೋದರೆ ಎಲೆ ಸೊಂಪಾಗಿ ಬೆಳೆಯುತ್ತದೆ, ಹೂವು ಬರುವುದಿಲ್ಲ. "ನಮ್ಮ ಪಿಯೋನಿ ಹೂಬಿಡುತ್ತಿಲ್ಲ" ಅನ್ನುವವರು ಮೊದಲು ನೋಡಬೇಕಾದ್ದು ಈ ಆಳವನ್ನೇ.

ಲ್ಯಾವೆಂಡರ್ ಕೇಳುವವರು ಬಹಳ. ಇಂಗ್ಲಿಷ್ ಲ್ಯಾವೆಂಡರ್ ಝೋನ್ 5ರವರೆಗೆ ಬದುಕುತ್ತದೆ, ಆದರೆ ಚಳಿಗಾಲದ ಒದ್ದೆ ಅದಕ್ಕೆ ಆಗದು. ಜಲ್ಲಿ ಬೆರೆತ ಎತ್ತರದ ಮಡಿ ಇದ್ದರೆ ಮಾತ್ರ ಪ್ರಯತ್ನಿಸಿ.

ಕೊಳ್ಳುವಾಗ ಹೂವಿನ ಕಾಲವನ್ನೂ ಹೊಂದಿಸಿಕೊಳ್ಳಿ. ಹಿಮ ಕರಗಿದ ಕೂಡಲೇ ಅರಳುವುದೊಂದು, ನಡುಬೇಸಿಗೆಯದ್ದು ಎರಡು ಮೂರು, ಚಳಿ ಶುರುವಾಗುವವರೆಗೂ ಅರಳುವುದೊಂದಾದರೂ ಬೇಕು. ಕೊನೆಯದಕ್ಕೆ ಆಸ್ಟರ್ ಮತ್ತು ಗೋಲ್ಡನ್‌ರಾಡ್ ಜೋಡಿಯನ್ನು ಮೀರಿಸುವುದು ಸಿಗಲಿಕ್ಕಿಲ್ಲ. ಗೋಲ್ಡನ್‌ರಾಡ್‌ನಿಂದ ಸೀನು, ನೆಗಡಿ ಬರುತ್ತದೆ ಅಂತ ಹೆದರಬೇಡಿ. ಅದರ ಪರಾಗ ಭಾರ, ಅಂಟು. ಗಾಳಿಯಲ್ಲಿ ಹಾರುವುದಿಲ್ಲ. ಅದೇ ಹೊತ್ತಿಗೆ ಅರಳುವ ರ‍್ಯಾಗ್‌ವೀಡ್ ಅನ್ನುವ ಕಳೆಯ ತಪ್ಪು ಇದರ ತಲೆಗೆ ಬಂದಿದೆ, ಅಷ್ಟೇ. ಹತ್ತಾರು ಸುತ್ತು ಎಸಳಿನ ಹೂಗಳಲ್ಲಿ ಪರಾಗ, ಮಕರಂದ ಕಡಿಮೆ. ಸಾಧಾರಣ ಒಂದು ಸುತ್ತಿನ ಹೂವೇ ಜೇನಿಗೆ ಹಿತ.

ಕೆಲವು ಗಿಡಗಳಿಂದ ದೂರವಿರಿ. ಉತ್ತರ ಅಮೆರಿಕದಲ್ಲಿ ಪರ್ಪಲ್ ಲೂಸ್‌ಸ್ಟ್ರೈಫ್ ಜೌಗು ನೆಲಗಳನ್ನೇ ನುಂಗಿಹಾಕಿದೆ, ಹಲವು ರಾಜ್ಯಗಳಲ್ಲಿ ಅದನ್ನು ಮಾರುವಂತಿಲ್ಲ. ಗೌಟ್‌ವೀಡ್ ಒಮ್ಮೆ ಬೇರುಬಿಟ್ಟರೆ ಕೀಳುವುದು ವರ್ಷಗಳ ಕೆಲಸ. ಚೀಟಿಯಲ್ಲಿ 'ಬೇಗ ಹಬ್ಬುತ್ತದೆ' ಅಂತ ಕಂಡರೆ ನಿಮ್ಮ ಪ್ರದೇಶದ ಆಕ್ರಮಣಕಾರಿ ಗಿಡಗಳ ಪಟ್ಟಿಯನ್ನು ಒಮ್ಮೆ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಕೋನೈಟ್, ಫಾಕ್ಸ್‌ಗ್ಲವ್ ಬೇಡ, ಎರಡೂ ವಿಷ. ಬೆಕ್ಕಿದ್ದರೆ ಲಿಲಿ, ಡೇಲಿಲಿ ಎರಡೂ ಬೇಡ.

ನರ್ಸರಿಯಲ್ಲಿ ಹೂವು ತುಂಬಿದ ಗಿಡಕ್ಕೆ ಮರುಳಾಗಬೇಡಿ. ಕುಂಡದಿಂದ ಮೆಲ್ಲಗೆ ಹೊರತೆಗೆದು ಬೇರು ನೋಡಲು ಕೇಳಿ. ಬಿಳಿಯಾಗಿ, ಮಣ್ಣನ್ನು ಹಿಡಿದುಕೊಂಡಿದ್ದರೆ ಒಳ್ಳೆಯದು. ಕಂದಾಗಿ ಮೆತ್ತಗಿದ್ದರೆ ಅಲ್ಲೇ ಬಿಡಿ. ನಿಯೊನಿಕೋಟಿನಾಯ್ಡ್ ಕೀಟನಾಶಕ ಬಳಸಿದ್ದಾರಾ ಅಂತಲೂ ಕೇಳಿ. ಅದು ಗಿಡದೊಳಗೇ ಸೇರಿ ಪರಾಗಕ್ಕೂ ಬರುತ್ತದೆ, ಜೇನಿಗೆ ವಿಷ.

ಹೆಜ್ಜೆ 5: ಅಂಗಳದ ವಿನ್ಯಾಸ

ಮೊದಲು ಗಾಳಿ. ಚಳಿಗಾಲದ ಗಾಳಿ ಬರುವ ದಿಕ್ಕಿಗೆ ಸ್ಪ್ರೂಸ್, ಸೀಡರ್‌ನಂಥ ನಿತ್ಯಹಸಿರು ಮರಗಳನ್ನೂ ಪೊದೆಗಳನ್ನೂ ಬೆರೆಸಿ ಸಾಲು ನೆಡಿ. ಗಟ್ಟಿ ಗೋಡೆಗಿಂತ ಅರ್ಧ ಗಾಳಿ ನುಸುಳುವ ಬೇಲಿ ಮೇಲು. ಗೋಡೆಗೆ ಬಡಿದ ಗಾಳಿ ಮೇಲೆ ಹಾರಿ ಆಚೆ ಬದಿಗೆ ಸುಳಿಯಾಗಿ ಬೀಳುತ್ತದೆ. ಸೋಸಿ ಬರುವ ಗಾಳಿ ಮೆತ್ತಗಾಗುತ್ತದೆ, ಬೇಲಿಯ ಎತ್ತರದ ಹತ್ತು ಪಟ್ಟು ದೂರದವರೆಗೂ ಅದರ ರಕ್ಷಣೆ ಸಿಗುತ್ತದೆ. ಹಿಮವೂ ಆ ಬೇಲಿಯ ಹಿಂದೆ ಸಮವಾಗಿ ಕೂರುತ್ತದೆ.

ಆಮೇಲೆ ಹುಲ್ಲುಹಾಸು. ಯಾರೂ ಕೂರದ, ಆಡದ ಲಾನ್ ಎಷ್ಟಿದೆ ನೋಡಿ. ಅದನ್ನು ಮಡಿಯಾಗಿ ಮಾಡಲು ಅಗೆಯುವುದೂ ಬೇಡ, ಕಳೆನಾಶಕವೂ ಬೇಡ. ಹುಲ್ಲನ್ನು ಗಿಡ್ಡ ಕತ್ತರಿಸಿ, ಟೇಪು ಕಿತ್ತ ಬರೀ ರಟ್ಟಿನ ಹಾಳೆಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಾಸಿ, ಚೆನ್ನಾಗಿ ನೆನೆಸಿ, ಮೇಲೆ ನಾಲ್ಕೈದು ಇಂಚು ಕಾಂಪೋಸ್ಟ್ ಮತ್ತು ಎಲೆ ಹರಡಿ. ಎಲೆ ಉದುರುವ ಕಾಲದಲ್ಲಿ ಹೀಗೆ ಮಾಡಿದರೆ ಬೇಸಿಗೆಯ ಹೊತ್ತಿಗೆ ನೆಡಲು ಮಣ್ಣು ಸಿದ್ಧ.

ಮಾಳಿಗೆಯಿಂದ ಇಳಿಯುವ ನೀರಿಗೆ ಒಂದು ಇಂಗುತೋಟ ಮಾಡಿ. ಮನೆಯ ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರದಲ್ಲಿ ಅರ್ಧ ಅಡಿಯಷ್ಟು ತಗ್ಗು ತೋಡಿ, ನೀರನ್ನು ಅಲ್ಲಿಗೆ ಹರಿಸಿ. ತಗ್ಗಿನ ಮಧ್ಯೆ ಐರಿಸ್, ಮಿಲ್ಕ್‌ವೀಡ್, ಅಂಚಿನಲ್ಲಿ ಕೋನ್‌ಫ್ಲವರ್. ಒಂದೆರಡು ದಿನದೊಳಗೆ ನೀರು ಪೂರ್ತಿ ಇಂಗಬೇಕು, ಆಗ ಸೊಳ್ಳೆಯ ಕಾಟ ಇರುವುದಿಲ್ಲ.

ದಾರಿಗೆ ಕಾಂಕ್ರೀಟ್ ಹಾಕಿದರೆ ಚಳಿಗೆ ಉಬ್ಬಿ ಬಿರುಕು ಬಿಡುತ್ತದೆ. ಜಲ್ಲಿ ಹಾಸು, ಸಂದು ಬಿಟ್ಟ ಚಪ್ಪಡಿ ವಾಸಿ. ನೆಲ ಉಬ್ಬಿದರೂ ಮತ್ತೆ ಕೂರಿಸಿಕೊಳ್ಳಬಹುದು.

ಹೆಜ್ಜೆ 6: ನಾಟಿ

ಹಿಮ ಕರಗಿ ಮಣ್ಣು ಕೈಗೆ ಅಂಟದಷ್ಟು ಆರಿದ ಮೇಲೆ ನೆಡುವುದು ಕ್ಷೇಮ. ಎಲೆ ಉದುರುವ ಕಾಲದಲ್ಲೂ ನೆಡಬಹುದು, ಆದರೆ ನೆಲ ಹೆಪ್ಪುಗಟ್ಟಲು ಆರು ವಾರವಾದರೂ ಬಾಕಿ ಇರಬೇಕು. ಬೇರು ಹೊಸ ಮಣ್ಣಿಗೆ ಇಳಿಯಲು ಅಷ್ಟು ಸಮಯ ಬೇಕು. ಪಿಯೋನಿಗೆ ಮಾತ್ರ ಎಲೆ ಉದುರುವ ಕಾಲವೇ ಸರಿ.

ಒಳಗೆ ಬೆಳೆದ ಸಸಿಗಳನ್ನು ನೇರ ಹೊರಗೆ ನೆಡಬೇಡಿ. ಏಳರಿಂದ ಹತ್ತು ದಿನ, ಮೊದಲು ನೆರಳಲ್ಲಿ ಒಂದೆರಡು ಗಂಟೆ, ದಿನ ದಿನಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹೊರಗಿಟ್ಟು ರೂಢಿ ಮಾಡಿಸಿ. ಗುಂಡಿ ಬೇರಿನ ಉಂಡೆಯ ಎರಡು ಪಟ್ಟು ಅಗಲ, ಆಳ ಮಾತ್ರ ಉಂಡೆಯಷ್ಟೇ. ಕುಂಡದೊಳಗೆ ಬೇರು ಸುತ್ತಿಕೊಂಡಿದ್ದರೆ ಬೆರಳಿಂದ ಬಿಡಿಸಿ ಹೊರಕ್ಕೆ ಹರಡಿ. ಹಾಗೇ ಬಿಟ್ಟರೆ ಅದು ವರ್ಷವಾದರೂ ಸುತ್ತುತ್ತಲೇ ಇರುತ್ತದೆ, ಅಂಥ ಗಿಡವೇ ಚಳಿಗಾಲದಲ್ಲಿ ಮೊದಲು ಮೇಲೆದ್ದು ಬರುವುದು.

ಮೊದಲ ವರ್ಷ ವಾರಕ್ಕೆ ಒಂದು ಇಂಚು ಮಳೆಯಷ್ಟು ನೀರು ಸಿಗಬೇಕು. ದಿನಾ ಚಿಮುಕಿಸುವ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ.

ಹೆಜ್ಜೆ 7: ಚಳಿಗಾಲಕ್ಕೆ ಸಿದ್ಧತೆ

ಹಗಲು ಚಿಕ್ಕದಾಗುತ್ತಿದ್ದಂತೆ ಗಿಡ ತಾನೇ ತಯಾರಾಗುತ್ತದೆ. ಎಲೆಯಲ್ಲಿನ ಸತ್ವವನ್ನು ಬೇರಿಗೆ ಇಳಿಸುತ್ತದೆ, ಜೀವಕೋಶಗಳಲ್ಲಿ ಸಕ್ಕರೆ ಕೂಡಿಸಿಕೊಳ್ಳುತ್ತದೆ. ಸಕ್ಕರೆ ಬೆರೆತ ನೀರು ಅಷ್ಟು ಬೇಗ ಹೆಪ್ಪುಗಟ್ಟದು. ಈ ಹೊತ್ತಿನಲ್ಲಿ ಸಾರಜನಕದ ಗೊಬ್ಬರ ಹಾಕಿದರೆ ಗಿಡ ಎಳೆ ಚಿಗುರು ಬಿಡುತ್ತದೆ, ಮೊದಲ ಕೊರೆತಕ್ಕೇ ಅದು ಕರಗಿಹೋಗುತ್ತದೆ. ನಡುಬೇಸಿಗೆ ದಾಟಿದ ಮೇಲೆ ಗೊಬ್ಬರ ನಿಲ್ಲಿಸಿ. ನೀರು ಮಾತ್ರ ನೆಲ ಹೆಪ್ಪುಗಟ್ಟುವವರೆಗೂ ಬೇಕು, ಮುಖ್ಯವಾಗಿ ನಿತ್ಯಹಸಿರು ಗಿಡಗಳಿಗೆ.

ಒಣಗಿದ ಕಾಂಡ ಕತ್ತರಿಸಬೇಡಿ. ಅವು ಹಿಮವನ್ನು ಹಿಡಿದು ಬುಡದ ಮೇಲೆ ನಿಲ್ಲಿಸುತ್ತವೆ, ಒಳಗಿನ ಪೊಳ್ಳಿನಲ್ಲಿ ಪುಟ್ಟ ಜೇನುನೊಣಗಳ ಮರಿಗಳು ಚಳಿಗಾಲ ಕಳೆಯುತ್ತವೆ. ರೋಗ ಹತ್ತಿದ ಎಲೆ, ಕಾಂಡ ಮಾತ್ರ ತೆಗೆದುಹಾಕಿ. ಪಿಯೋನಿ ಎಲೆಗೆ ಕಪ್ಪು ಚುಕ್ಕೆ ಬಂದಿದ್ದರೆ ಬುಡದವರೆಗೂ ಕತ್ತರಿಸಿ.

ಎರಡು ಮೂರು ಇಂಚು ತರಗೆಲೆ ಹೊದಿಸಬೇಕು. ಯಾವಾಗ? ನೆಲ ಹೆಪ್ಪುಗಟ್ಟಿದ ಮೇಲೆ. ಈ ಮಾತು ವಿಚಿತ್ರ ಅನಿಸಬಹುದು. ಹೊದಿಕೆಯ ಉದ್ದೇಶ ಮಣ್ಣನ್ನು ಬೆಚ್ಚಗಿಡುವುದಲ್ಲ, ಹೆಪ್ಪುಗಟ್ಟಿದ ಮಣ್ಣು ನಡುವೆ ಬರುವ ಬಿಸಿಲಿಗೆ ಕರಗದಂತೆ ತಡೆಯುವುದು. ಬೇಗ ಹೊದಿಸಿದರೆ ಇಲಿಗಳೂ ಅದರಡಿ ಮನೆ ಮಾಡಿಕೊಳ್ಳುತ್ತವೆ. ಬುಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಜಾಗ ಬಿಡಿ.

ಹೆಜ್ಜೆ 8: ಹಿಮದ ತಿಂಗಳುಗಳು

ದಾರಿಯ ಹಿಮ ಕರಗಿಸಲು ಉಪ್ಪು ಎರಚಿದರೆ ಅದು ಬೇರಿಗೆ ಇಳಿದು ನೀರು ಹೀರದಂತೆ ಮಾಡುತ್ತದೆ, ಮಣ್ಣಿನ ಕಟ್ಟನ್ನೂ ಕೆಡಿಸುತ್ತದೆ. ಜಾರದಿರಲು ಮರಳು ಸಾಕು. ಶುದ್ಧ ಹಿಮವನ್ನು ಸಲಿಕೆಯಿಂದ ಮಡಿಯ ಮೇಲೆ ಹಾಕಿ, ಒಳ್ಳೆಯದೇ. ಉಪ್ಪು ಬೆರೆತದ್ದನ್ನು ಮಾತ್ರ ಬೇಡ. ಪೊದೆಗಳ ಮೇಲೆ ಹಿಮ ಭಾರವಾಗಿದ್ದರೆ ಕೆಳಗಿನಿಂದ ಮೆಲ್ಲಗೆ ಎತ್ತಿ ಉದುರಿಸಿ. ಮಂಜುಗಡ್ಡೆ ಅಂಟಿದ್ದರೆ ಮುಟ್ಟಬೇಡಿ, ಕೊಂಬೆ ಮುರಿಯುತ್ತದೆ.

ಬೀಜದಿಂದ ಬೆಳೆಸುವ ಆಸೆಯಿದ್ದರೆ ಇದೇ ಕಾಲ. ಮಿಲ್ಕ್‌ವೀಡ್‌ನಂಥ ಬೀಜಗಳಿಗೆ ಕೆಲವು ವಾರ ತೇವ, ಚಳಿ ಎರಡೂ ಸಿಕ್ಕರೇ ಮೊಳಕೆ ಚೆನ್ನಾಗಿ ಬರುವುದು. ಅಡಿಯಲ್ಲಿ ತೂತಿರುವ ಡಬ್ಬಿಯಲ್ಲಿ ಮಣ್ಣು ಹಾಕಿ, ಬಿತ್ತಿ, ಹಿಮದಲ್ಲೇ ಹೊರಗಿಡಿ.

ಹೆಜ್ಜೆ 9: ಚಿಗುರುವ ಕಾಲ

ಹಿಮ ಕರಗುತ್ತಿದ್ದಂತೆ ತೋಟಕ್ಕೆ ಒಂದು ಸುತ್ತು ಹಾಕಿ. ಮೇಲೆದ್ದು ಬಂದ ಗಿಡಗಳು ಕಾಣುತ್ತವೆ: ಬುಡ ನೆಲದಿಂದ ಒಂದಿಂಚು ಮೇಲಿರುತ್ತದೆ, ಬೇರಿನ ಕಂದು ಎಳೆಗಳು ಗಾಳಿಗೆ ತೆರೆದಿರುತ್ತವೆ. ಕಾಲಿನಿಂದ ತುಳಿಯಬೇಡಿ, ಒದ್ದೆ ಮಣ್ಣು ಗಟ್ಟಿಯಾಗುತ್ತದೆ. ಅಂಗೈಯಿಂದ ಒತ್ತಿ ಕೂರಿಸಿ, ಸುತ್ತ ಸ್ವಲ್ಪ ಕಾಂಪೋಸ್ಟ್ ಹಾಕಿ.

ಎಲೆ ಗುಡಿಸಲು ಅವಸರ ಬೇಡ. ಹವೆ ಬೆಚ್ಚಗಾಗುವವರೆಗೂ ಅದರಡಿ ಜೀವಗಳು ಮಲಗಿರುತ್ತವೆ. ಕಾಂಡಗಳನ್ನು ನೆಲಮಟ್ಟಕ್ಕೆ ಕತ್ತರಿಸದೆ ಒಂದು, ಒಂದೂವರೆ ಅಡಿ ಮೋಟು ಬಿಡಿ. ಆ ವರ್ಷದ ಜೇನುನೊಣಗಳು ಅದರಲ್ಲಿ ಗೂಡು ಮಾಡುತ್ತವೆ, ಹೊಸ ಚಿಗುರು ಬಂದಾಗ ಮೋಟು ಕಣ್ಣಿಗೂ ಬೀಳುವುದಿಲ್ಲ.

ಮಿಲ್ಕ್‌ವೀಡ್, ಬ್ಯಾಪ್ಟೀಸಿಯಾ, ಬಲೂನ್ ಹೂವು ಬಹಳ ತಡವಾಗಿ ಚಿಗುರುತ್ತವೆ. ಸತ್ತಿದೆ ಅಂದುಕೊಂಡು ಅಗೆದುಹಾಕುವವರೇ ಜಾಸ್ತಿ. ಹಿಂದಿನ ವರ್ಷವೇ ಪಕ್ಕದಲ್ಲಿ ಹೆಸರು ಬರೆದ ಕಡ್ಡಿ ಚುಚ್ಚಿಡಿ, ಬೇಸಿಗೆ ಶುರುವಾಗುವವರೆಗೂ ಕಾಯಿರಿ.

ಹೆಜ್ಜೆ 10: ಮುಂದಿನ ವರ್ಷಗಳು

ಮೊದಲ ಎರಡು ವರ್ಷ ಗಿಡ ಚಿಕ್ಕದಾಗಿಯೇ ಕಾಣುತ್ತದೆ, ಅದರ ಕೆಲಸವೆಲ್ಲ ಮಣ್ಣಿನೊಳಗೆ ನಡೆದಿರುತ್ತದೆ. ಮೂರನೆಯ ವರ್ಷ ತುಂಬಿಕೊಳ್ಳುತ್ತದೆ. ಖಾಲಿ ಕಾಣುತ್ತದೆ ಅಂತ ಒತ್ತೊತ್ತಾಗಿ ನೆಡದೆ, ಆ ಜಾಗಕ್ಕೆ ಅಷ್ಟರವರೆಗೆ ಒಂದು ವರ್ಷದ ಹೂಗಿಡ ಹಾಕಿಕೊಳ್ಳಿ.

ಮೂರರಿಂದ ಐದು ವರ್ಷಕ್ಕೆ ಆಸ್ಟರ್, ಬೀ ಬಾಮ್‌ನಂಥವು ನಡುವೆ ಬರಡಾಗಿ ಉಂಗುರದಂತೆ ಬೆಳೆಯುತ್ತವೆ. ಆಗ ಇಡೀ ಬುಡ ಎತ್ತಿ, ಹರಿತ ಸಲಿಕೆಯಿಂದ ಸೀಳಿ, ಅಂಚಿನ ಗಟ್ಟಿ ಭಾಗಗಳನ್ನು ಮತ್ತೆ ನೆಡಿ, ನಡುವಿನದನ್ನು ಕಾಂಪೋಸ್ಟ್‌ಗೆ ಹಾಕಿ. ಬೇಸಿಗೆ ಕೊನೆಯಲ್ಲಿ ಹೂಬಿಡುವುದನ್ನು ಚಿಗುರುವ ಕಾಲದಲ್ಲಿ, ಬೇಗ ಹೂಬಿಡುವುದನ್ನು ಹೂ ಮುಗಿದ ಮೇಲೆ ಬೇಸಿಗೆಯ ಕೊನೆಗೆ ಸೀಳುವುದು ರೂಢಿ. ಪಿಯೋನಿಯನ್ನೂ ಬ್ಯಾಪ್ಟೀಸಿಯಾವನ್ನೂ ಹೀಗೆ ಕಿತ್ತು ನೆಡಬೇಡಿ. ಅವು ಇದ್ದಲ್ಲೇ ಇರಲಿ. ಸೀಳಿದ್ದು ಮಿಕ್ಕರೆ ಅಕ್ಕಪಕ್ಕದವರಿಗೆ ಕೊಡಿ. ನಿಮ್ಮ ಬೀದಿಯ ಚಳಿಯನ್ನು ಆಗಲೇ ಗೆದ್ದ ಗಿಡ ಅದು, ದೂರದ ನರ್ಸರಿಯಿಂದ ತಂದದ್ದಕ್ಕಿಂತ ಸಲೀಸಾಗಿ ಹತ್ತಿಕೊಳ್ಳುತ್ತದೆ.